ಒಡಕು ದನಿಗೆ ಹಡಗಿನಲ್ಲಿ ಸಿಕ್ಕ ಮದ್ದು

ಎರಡನೆಯ ತರಗತಿಯ ಮಗುವಿನ ಕಾಪಿ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಪುಟದ ನೆತ್ತಿಯಲ್ಲಿ ದುಂಡಾದ ಅಚ್ಚಿನ ಅಕ್ಷರಗಳ ಒಂದು ಸಾಲು. ಅದರ ಕೆಳಗೆ ಮಗು ಬರೆದ ಹತ್ತು ಸಾಲು. ಮೊದಲನೆಯ ಸಾಲು ಹೆಚ್ಚುಕಡಿಮೆ ಅಚ್ಚಿನಂತೆಯೇ ಇರುತ್ತದೆ. ಎರಡನೆಯದರಲ್ಲಿ ಒಂದು ತಲೆಕಟ್ಟು ಕೊಂಚ ವಾಲುತ್ತದೆ. ಐದನೆಯದಕ್ಕೆ ಬರುವಷ್ಟರಲ್ಲಿ ಒತ್ತಕ್ಷರ ಜಾರಿ ಪಕ್ಕದ ಅಕ್ಷರದ ಕಾಲ ಬಳಿ ಕುಳಿತಿರುತ್ತದೆ. ಹತ್ತನೆಯ ಸಾಲನ್ನು ಓದುವುದು ಬರೆದ ಮಗುವಿಗೂ ಕಷ್ಟ!

ಹೀಗೇಕಾಯಿತು? ಮಗು ಅಚ್ಚಿನ ಸಾಲನ್ನು ನೋಡಿ ಬರೆದದ್ದು ಮೊದಲ ಸಲ ಮಾತ್ರ. ಆಮೇಲೆ ಪ್ರತಿ ಸಲವೂ ಅದು ನೋಡಿದ್ದು ತಾನೇ ಬರೆದ ಮೇಲಿನ ಸಾಲನ್ನು. ಒಂದು ಸಾಲಿನ ಚಿಕ್ಕ ತಪ್ಪು ಮುಂದಿನ ಸಾಲಿಗೆ ಮಾದರಿಯಾಯಿತು. ಅದರ ಮೇಲೆ ಹೊಸದೊಂದು ತಪ್ಪು ಕೂಡಿಕೊಂಡಿತು.

ಈ ಕಾಪಿ ಪುಸ್ತಕಕ್ಕೂ ಗಣೇಶನ ಪೆಂಡಾಲಿನಲ್ಲಿ ಕಿವಿ ಗಡಚಿಕ್ಕುವ ಮೈಕ್ ಸೆಟ್ಟಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇದೆ. ಎರಡರ ಕಾಯಿಲೆಯೂ ಒಂದೇ. ಅದರ ಹೆಸರು ‘ವಿರೂಪ’. ಅಂಗಡಿಯವರ ಮಾತಿನಲ್ಲಿ ಡಿಸ್ಟಾರ್ಷನ್. ಮೂಲ ಹೇಗಿದೆಯೋ ನಕಲು ಹಾಗೆ ಇಲ್ಲದಿರುವುದೇ ವಿರೂಪ. ಸಂಜೆ ಇಂಪಾಗಿ ಕೇಳುತ್ತಿದ್ದ ಹಾಡು ರಾತ್ರಿ ಯಾರೋ ತಿರುಪನ್ನು ಪೂರ್ತಿ ತಿರುಗಿಸಿದೊಡನೆ ಒಡೆದ ಮಡಕೆಯ ಸದ್ದಾಗುತ್ತದೆ. ಭಾಷಣಕಾರರ ಮಾತಿನಲ್ಲಿ ‘ಪ’ ಯಾವುದು, ‘ತ’ ಯಾವುದು ತಿಳಿಯುವುದಿಲ್ಲ. “ಸ್ಪೀಕರ್ ಹರಿದುಹೋಗಿದೆ” ಎಂದು ಜನ ಗೊಣಗುತ್ತಾರೆ. ಎಷ್ಟೋ ಸಲ ಸ್ಪೀಕರ್ ಗಟ್ಟಿಯಾಗಿಯೇ ಇರುತ್ತದೆ. ತಪ್ಪು ನಡೆಯುವುದು ಅದರ ಹಿಂದಿರುವ ಆಂಪ್ಲಿಫೈಯರ್ ಎಂಬ ಪೆಟ್ಟಿಗೆಯಲ್ಲಿ.

ಕೆರೆ ಮತ್ತು ತೂಬು

ಆಂಪ್ಲಿಫೈಯರ್ ಅಥವಾ ವರ್ಧಕವು ಸಣ್ಣ ಸಂಕೇತವನ್ನು ರಬ್ಬರಿನಂತೆ ಹಿಗ್ಗಿಸಿ ದೊಡ್ಡದು ಮಾಡುತ್ತದೆ ಎಂದು ಹಲವರು ಎಣಿಸುತ್ತಾರೆ. ವಾಸ್ತವವಾಗಿ ಅದು ಮಾಡುವ ಕೆಲಸ ಬೇರೆ. ಮೈಕಿನಿಂದ ಬರುವ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟ್‌ಗಳಷ್ಟು. ಸ್ಪೀಕರಿನ ಕಾಗದದ ಕೋನನ್ನು ಅಲುಗಿಸುವ ಕಸುವು ಅದಕ್ಕಿಲ್ಲ. ಆ ಕಸುವು ಬರುವುದು ಗೋಡೆಯ ಪ್ಲಗ್ಗಿನಿಂದಲೋ ಬ್ಯಾಟರಿಯಿಂದಲೋ. ಇದು ತುಂಬಿದ ಕೆರೆಯಿದ್ದಂತೆ. ಟ್ರಾನ್ಸಿಸ್ಟರ್ (ಹಿಂದಿನ ಕಾಲದಲ್ಲಿ ವಾಲ್ವ್) ಆ ಕೆರೆಯ ತೂಬು. ಮೈಕಿನ ಸಂಕೇತ ತೂಬಿನ ಹಿಡಿಯನ್ನು ಮೇಲೆ ಕೆಳಗೆ ಆಡಿಸುವ ಕೈ. ಕೈ ಆಡಿದ ಹಾಗೆ ಕಾಲುವೆಯಲ್ಲಿ ನೀರು ಏರಿಳಿಯುತ್ತದೆ. ಕೈಯ ಚಲನೆ ಚಿಕ್ಕದು, ಹರಿಯುವ ನೀರು ಅಪಾರ. ಇದೇ ವರ್ಧನೆ.

ತೂಬು ಒಂದಂಗುಲ ಎದ್ದರೆ ಒಂದು ಪಾಲು ನೀರು, ಎರಡಂಗುಲ ಎದ್ದರೆ ಕರಾರುವಾಕ್ಕಾಗಿ ಎರಡು ಪಾಲು ನೀರು ಎಂದಿದ್ದರೆ ವಿರೂಪದ ಮಾತೇ ಬರುತ್ತಿರಲಿಲ್ಲ. ಆದರೆ ಯಾವ ಟ್ರಾನ್ಸಿಸ್ಟರೂ ಅಷ್ಟು ಶಿಸ್ತಿನದಲ್ಲ. ಅದರ ನಡತೆಯನ್ನು ಗ್ರಾಫ್ ಹಾಳೆಯ ಮೇಲೆ ಬರೆದರೆ ನೇರ ಗೆರೆ ಸಿಗದು, ಬಾಗಿದ ಗೆರೆ ಸಿಗುತ್ತದೆ. ಈ ಬಾಗೇ ಎಲ್ಲ ತೊಂದರೆಗಳ ಬೇರು.

ಬಾಗಿನಿಂದ ಆಗುವ ಅನಾಹುತವೇನು? ಸೆಕೆಂಡಿಗೆ 400 ಕಂಪನಗಳ, ಅಂದರೆ 400 ಹರ್ಟ್ಸ್‌ನ ಶುದ್ಧ ಸ್ವರವೊಂದನ್ನು ಒಳಗೆ ಕೊಟ್ಟರೆ ಹೊರಗೆ ಅದರ ಜೊತೆಗೆ 800, 1,200, 1,600 ಹರ್ಟ್ಸ್‌ನ ಸ್ವರಗಳೂ ಬೆರೆತು ಬರುತ್ತವೆ. ಇವಕ್ಕೆ ಹಾರ್ಮಾನಿಕ್‌ಗಳು ಎಂದು ಹೆಸರು. ಇವು ಮೂಲ ಸ್ವರದ ನೆಂಟರೇ ಆದ್ದರಿಂದ ಸ್ವಲ್ಪ ಪ್ರಮಾಣದಲ್ಲಿದ್ದರೆ ಕಿವಿ ಸಹಿಸಿಕೊಳ್ಳುತ್ತದೆ. ಇನ್ನೊಂದು ಬಗೆಯ ಬೆರಕೆ ಇದಕ್ಕಿಂತ ಕಟುವಾದದ್ದು. 400 ಮತ್ತು 500 ಹರ್ಟ್ಸ್‌ನ ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟರೆ ಅವುಗಳ ಮೊತ್ತವಾದ 900, ವ್ಯತ್ಯಾಸವಾದ 100, ಹೀಗೆ ಹಾಡಿನಲ್ಲಿ ಯಾರೂ ಹಾಡದ, ಯಾರೂ ನುಡಿಸದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಒಬ್ಬರೇ ಹಾಡುವಾಗ ಚೆನ್ನಾಗಿ ಕೇಳುವ ಮೈಕ್ ಸೆಟ್ಟು ಭಜನೆಯ ಮೇಳ ಸೇರಿದೊಡನೆ ಗೊಂದಲದ ಗೂಡಾಗುವುದಕ್ಕೆ ಇದೊಂದು ಕಾರಣ.

ಮೂರು ಬಗೆಯ ಪೆಟ್ಟು

ಬಾಗಿನ ವಿರೂಪ ಮೊದಲನೆಯದು. ಎರಡನೆಯದು ತಲೆ ಕತ್ತರಿಸುವ ವಿರೂಪ. ಕೆರೆಯಲ್ಲಿರುವುದಕ್ಕಿಂತ ಹೆಚ್ಚು ನೀರನ್ನು ತೂಬು ಕೊಡಲಾರದು. ತಿರುಪನ್ನು ಮಿತಿಮೀರಿ ತಿರುಗಿಸಿದಾಗ ಅಲೆಯ ತುದಿ ವಿದ್ಯುತ್ ಪೂರೈಕೆಯ ಮೇಲ್ಮಿತಿಗೆ ತಾಗಿ ಚಪ್ಪಟೆಯಾಗುತ್ತದೆ. ಗೋಪುರದಂತಿದ್ದ ಅಲೆ ಸಪಾಟು ತಾರಸಿಯಂತಾಗುತ್ತದೆ. ಪೆಂಡಾಲಿನ ರಾತ್ರಿಯ ಒಡಕು ದನಿ ಬಹುಪಾಲು ಇದೇ.

ಮೂರನೆಯದು ಹಸ್ತಾಂತರದ ವಿರೂಪ. ಇದನ್ನು ಕ್ರಾಸ್‌ಓವರ್ ಡಿಸ್ಟಾರ್ಷನ್ ಎನ್ನುತ್ತಾರೆ. ಹೆಚ್ಚು ಶಕ್ತಿಯ ವರ್ಧಕಗಳಲ್ಲಿ ಸಾಮಾನ್ಯವಾಗಿ ಕೊನೆಯ ಹಂತದಲ್ಲಿ ಜೋಡಿ ಟ್ರಾನ್ಸಿಸ್ಟರ್‌ಗಳಿರುತ್ತವೆ. ಅಲೆಯ ಮೇಲಿನ ಅರ್ಧ ಒಂದರ ಪಾಲು, ಕೆಳಗಿನ ಅರ್ಧ ಇನ್ನೊಂದರ ಪಾಲು. ಮರದ ದಿಮ್ಮಿಯನ್ನು ಕೊಯ್ಯುವಾಗ ಇಬ್ಬರು ಗರಗಸದ ಎರಡು ತುದಿ ಹಿಡಿದು ಸರದಿಯಂತೆ ಎಳೆಯುವುದಿಲ್ಲವೇ, ಹಾಗೆ. ಈ ಏರ್ಪಾಡಿನಿಂದ ಕರೆಂಟು ಉಳಿಯುತ್ತದೆ, ಬಿಸಿಯೂ ಕಡಿಮೆ. ಆದರೆ ಸಿಲಿಕಾನ್ ಟ್ರಾನ್ಸಿಸ್ಟರ್ ಎಚ್ಚರಗೊಳ್ಳಲು ಸುಮಾರು 0.6 ವೋಲ್ಟ್ ಬೇಕು. ಅಲೆ ಸೊನ್ನೆಯನ್ನು ದಾಟುವ ಗಳಿಗೆಯಲ್ಲಿ ಮೊದಲನೆಯದು ಮಲಗಿರುತ್ತದೆ, ಎರಡನೆಯದು ಇನ್ನೂ ಎದ್ದಿರುವುದಿಲ್ಲ. ಗರಗಸ ಅಲ್ಲಿ ಒಂದು ಕ್ಷಣ ನಿಂತುಬಿಡುತ್ತದೆ. ಸೋಜಿಗವೆಂದರೆ ಈ ದೋಷ ಹೆಚ್ಚು ಕಾಡುವುದು ಮೆಲುದನಿಯಲ್ಲಿ. ದೊಡ್ಡ ಅಲೆಯಲ್ಲಿ ಆ ಬಿರುಕು ಎದ್ದು ಕಾಣದು. ಚಿಕ್ಕ ಅಲೆಯಲ್ಲಿ ಅಲೆಯ ಬಹುಭಾಗವನ್ನೇ ಅದು ನುಂಗಿಬಿಡುತ್ತದೆ. ಇದಕ್ಕೆ ಒಂದು ಉಪಾಯವಿದೆ. ಎರಡೂ ಟ್ರಾನ್ಸಿಸ್ಟರ್‌ಗಳಿಗೆ ಸದಾ ಕೊಂಚ ಕರೆಂಟು ಹರಿಸುತ್ತಿದ್ದು, ಯಾವುದೂ ಪೂರ್ತಿ ನಿದ್ದೆ ಹೋಗದಂತೆ ನೋಡಿಕೊಳ್ಳುವುದು. ಹಾಡು ನಿಂತಾಗಲೂ ಎಷ್ಟೋ ಆಂಪ್ಲಿಫೈಯರ್‌ಗಳ ಬೆನ್ನು ಬೆಚ್ಚಗಿರುವುದಕ್ಕೆ ಈ ಅರೆನಿದ್ದೆಯೂ ಒಂದು ಕಾರಣ.

ಇಷ್ಟು ಮಾಡಿದರೂ ಬಾಗು ಪೂರ್ತಿ ನೇರವಾಗುವುದಿಲ್ಲ. ಅದನ್ನು ನೇರಗೊಳಿಸುವ ಉಪಾಯ ಹುಟ್ಟಿದ್ದು ಹಾಡಿನ ಲೋಕದಲ್ಲಿ ಅಲ್ಲ, ದೂರವಾಣಿಯ ಲೋಕದಲ್ಲಿ. ಅದೂ ಟ್ರಾನ್ಸಿಸ್ಟರ್ ಹುಟ್ಟುವುದಕ್ಕೆ 20 ವರ್ಷ ಮೊದಲು.

ಸಾವಿರಾರು ಮೈಲಿಯ ಕಾಪಿ ಪುಸ್ತಕ

1915ರ ಜನವರಿ 25ರಂದು ಅಮೆರಿಕದ ಪೂರ್ವ ತೀರದ ನ್ಯೂಯಾರ್ಕ್‌ನಿಂದ ಪಶ್ಚಿಮ ತೀರದ ಸ್ಯಾನ್ ಫ್ರಾನ್ಸಿಸ್ಕೋಗೆ ಮೊದಲ ದೂರವಾಣಿ ಮಾರ್ಗ ವಿಧ್ಯುಕ್ತವಾಗಿ ಆರಂಭವಾಯಿತು. ಅಷ್ಟು ದೂರ ತಂತಿಯಲ್ಲಿ ಹರಿಯುವಷ್ಟರಲ್ಲಿ ಮಾತು ಸೊರಗಿ ಇಲ್ಲವಾಗುತ್ತದೆ. ಆದ್ದರಿಂದ ದಾರಿಯ ನಡುವೆ ವಾಲ್ವ್ ವರ್ಧಕಗಳನ್ನಿಟ್ಟು ಅದಕ್ಕೆ ಮತ್ತೆ ಮತ್ತೆ ಶಕ್ತಿ ತುಂಬಬೇಕಾಯಿತು. ಮಾತನಾಡುವ ಖರ್ಚು ಮೊದಲ ಮೂರು ನಿಮಿಷಕ್ಕೆ 20 ಡಾಲರಿಗೂ ಮೇಲೆ. ಸಾಮಾನ್ಯರಿಗೆ ಅದು ಕನಸಿನ ಮಾತು.

ಖರ್ಚು ಇಳಿಯಬೇಕಾದರೆ ಒಂದೇ ಜೋಡಿ ತಂತಿಯಲ್ಲಿ ಹಲವು ಸಂಭಾಷಣೆಗಳು ಏಕಕಾಲಕ್ಕೆ ಹೋಗಬೇಕು. ಒಬ್ಬೊಬ್ಬರ ಮಾತನ್ನು ಒಂದೊಂದು ಆವೃತ್ತಿಯ ಮಟ್ಟಕ್ಕೆ ಏರಿಸಿ ಕಳಿಸುವ ವಿಧಾನ ಆಗಲೇ ಗೊತ್ತಿತ್ತು. ಅಡ್ಡಿಯಾದದ್ದು ವರ್ಧಕದ ಬಾಗು. 400 ಮತ್ತು 500 ಹರ್ಟ್ಸ್ ಸೇರಿ 900 ಹುಟ್ಟುವುದನ್ನು ಮೇಲೆ ನೋಡಿದೆವಲ್ಲ? ಇಲ್ಲಿ ಇಬ್ಬರ ಮಾತು ಬೆರೆತು ಹುಟ್ಟಿದ ಕಲಬೆರಕೆ ಸಂಕೇತ ಮೂರನೆಯವರ ಫೋನಿನಲ್ಲಿ ಗುಜುಗುಜು ಎನ್ನತೊಡಗುತ್ತಿತ್ತು. ಮೇಲಾಗಿ ವರ್ಧಕಗಳು ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ. ಮೊದಲನೆಯದರ ತಪ್ಪನ್ನು ಎರಡನೆಯದು ಸಂಕೇತವೆಂದೇ ತಿಳಿದು ದೊಡ್ಡದು ಮಾಡಿ, ತನ್ನ ತಪ್ಪನ್ನೂ ಸೇರಿಸಿ ಮೂರನೆಯದಕ್ಕೆ ದಾಟಿಸುತ್ತದೆ. ಕಾಪಿ ಪುಸ್ತಕದ ಹತ್ತನೆಯ ಸಾಲು!

1921ರಲ್ಲಿ ಹೆರಾಲ್ಡ್ ಸ್ಟೀಫನ್ ಬ್ಲ್ಯಾಕ್ ಎಂಬ ತರುಣ ಎಂಜಿನಿಯರ್ ನ್ಯೂಯಾರ್ಕಿನ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯನ್ನು ಸೇರಿದ. ಅದರ ಸಂಶೋಧನಾ ವಿಭಾಗವೇ 1925ರಲ್ಲಿ ಬೆಲ್ ಪ್ರಯೋಗಾಲಯ ಎಂಬ ಹೆಸರು ಪಡೆಯಿತು. ಬ್ಲ್ಯಾಕ್ ಹುಟ್ಟಿದ್ದು 1898ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಲೆಮಿನ್ಸ್ಟರ್ ಊರಿನಲ್ಲಿ. ಎಲ್ಲರೂ ಮಾಡುತ್ತಿದ್ದುದನ್ನೇ ಅವನೂ ಮೊದಲು ಮಾಡಿದ. ವಾಲ್ವನ್ನೇ ಸುಧಾರಿಸಿ ಅದರ ಬಾಗನ್ನು ನೇರ ಮಾಡಲು ಹೆಣಗಿದ. ಸ್ವಲ್ಪ ಸುಧಾರಿಸಿತು. ಬೇಕಾದದ್ದಕ್ಕೆ ಹೋಲಿಸಿದರೆ ಅದು ಏನೂ ಸಾಲದು.

1923ರ ಮಾರ್ಚ್ ತಿಂಗಳಲ್ಲಿ ಬ್ಲ್ಯಾಕ್ ಒಂದು ಉಪನ್ಯಾಸಕ್ಕೆ ಹೋದ. ಮಾತನಾಡಿದವರು ಆ ಕಾಲದ ವಿದ್ಯುತ್ ಶಾಸ್ತ್ರದ ಹಿರಿಯರಾದ ಚಾರ್ಲ್ಸ್ ಸ್ಟೈನ್‌ಮೆಟ್ಸ್. ಯಾವುದೇ ಸಮಸ್ಯೆಯ ಬುಡಕ್ಕೇ ಕೈಹಾಕುವ ಅವರ ರೀತಿ ಅವನ ಮನಸ್ಸಿಗೆ ನಾಟಿತು. ಅಂದು ನಡುರಾತ್ರಿಯ ಮೇಲೆ ಮನೆಗೆ ಬಂದವನು ತನ್ನ ಪ್ರಶ್ನೆಯನ್ನೇ ತಿರುಗಿಸಿ ಕೇಳಿಕೊಂಡ. ‘ತಪ್ಪು ಮಾಡದ ವಾಲ್ವನ್ನು ಹೇಗೆ ಮಾಡಲಿ?’ ಎಂಬುದು ಅದುವರೆಗಿನ ಪ್ರಶ್ನೆ. ‘ವಾಲ್ವ್ ತಪ್ಪು ಮಾಡಿಯೇ ಮಾಡುತ್ತದೆ, ಆ ತಪ್ಪನ್ನು ಬೇರ್ಪಡಿಸಿ ಕಳೆಯುವುದು ಹೇಗೆ?’ ಎಂಬುದು ಹೊಸ ಪ್ರಶ್ನೆ.

ಉತ್ತರ ಸುಲಭವಾಗಿ ಸಿಕ್ಕಿತು. ಹೊರಬಂದ ದೊಡ್ಡ ಸಂಕೇತವನ್ನು ಒಳಬಂದದ್ದರ ಮಟ್ಟಕ್ಕೆ ಇಳಿಸಿ, ಅದರಿಂದ ಒಳಬಂದದ್ದನ್ನು ಕಳೆದರೆ ಉಳಿಯುವುದು ವಿರೂಪ ಮಾತ್ರ. ಅದನ್ನು ಇನ್ನೊಂದು ವರ್ಧಕದಿಂದ ದೊಡ್ಡದು ಮಾಡಿ, ಹೊರಬಂದ ಸಂಕೇತದಿಂದ ಕಳೆದುಬಿಟ್ಟರಾಯಿತು. ಇದು ‘ಫೀಡ್ ಫಾರ್ವರ್ಡ್’, ಅಂದರೆ ಮುನ್ನೂಡಿಕೆಯ ವಿಧಾನ. ಪ್ರಯೋಗಶಾಲೆಯಲ್ಲಿ ಅದು ಕೆಲಸ ಮಾಡಿತು. ಆದರೆ ಎರಡು ವರ್ಧಕಗಳೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಸರಿದೂಗಬೇಕು. ವಾಲ್ವಿನ ತಂತಿಯ ಕರೆಂಟು, ಬ್ಯಾಟರಿಯ ವೋಲ್ಟೇಜು ಕೊಂಚ ಬದಲಾದರೂ ಲೆಕ್ಕ ತಪ್ಪುತ್ತಿತ್ತು. ಹಗಲೂ ರಾತ್ರಿ ಗಂಟೆಗೊಮ್ಮೆ ಯಾರಾದರೂ ತಿರುಪು ಸರಿಮಾಡುತ್ತ ಕೂರಬೇಕಿತ್ತು. ಸಾವಿರಾರು ಮೈಲಿಯ ಮಾರ್ಗದಲ್ಲಿ ಇದು ಆಗುವ ಹೋಗುವ ಮಾತೇ? ಮತ್ತೆ ನಾಲ್ಕು ವರ್ಷ ಕಳೆಯಿತು.

ಖಾಲಿ ಪುಟದ ಮೇಲೆ ಮೂಡಿದ ಚಿತ್ರ

1927ರ ಆಗಸ್ಟ್ 2, ಮಂಗಳವಾರ ಬೆಳಿಗ್ಗೆ. ನ್ಯೂಜೆರ್ಸಿ ದಡದಿಂದ ಹಡ್ಸನ್ ನದಿಯನ್ನು ದಾಟಿ ನ್ಯೂಯಾರ್ಕಿನ ಕಚೇರಿಗೆ ಹೋಗಲು ಬ್ಲ್ಯಾಕ್ ಎಂದಿನಂತೆ ಲಾಕವಾನಾ ಕಂಪನಿಯ ದಾಟುಹಡಗನ್ನು ಹತ್ತಿದ್ದ. ನದಿಯ ನಡುವೆ ಅವನಿಗೆ ಫಕ್ಕನೆ ಒಂದು ಯೋಚನೆ ಹೊಳೆಯಿತು. ಕೈಯಲ್ಲಿದ್ದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಒಂದು ಪುಟ ಅಂದು ಬಹುತೇಕ ಖಾಲಿಯಾಗಿತ್ತು. ಅದರ ಮೇಲೆಯೇ ಒಂದು ಸರಳ ಚಿತ್ರ, ಕೆಲವು ಸಮೀಕರಣಗಳನ್ನು ಬರೆದ. ಕಚೇರಿ ತಲುಪಿದ ಮೇಲೆ ಸಹೋದ್ಯೋಗಿಯೊಬ್ಬರಿಗೆ ವಿವರಿಸಿ ಆ ಕಾಗದಕ್ಕೆ ಸಾಕ್ಷಿ ರುಜು ಹಾಕಿಸಿಕೊಂಡ.

ಯೋಚನೆ ಇಷ್ಟೇ. ವಿರೂಪವನ್ನು ಕಳೆಯಲು ಎರಡನೆಯ ವರ್ಧಕ ಏಕೆ? ಹೊರಬಂದ ಸಂಕೇತದ ಚಿಕ್ಕದೊಂದು ಪಾಲನ್ನು ಹಿಂದಕ್ಕೆ ತಂದು, ತಲೆಕೆಳಗು ಮಾಡಿ, ಅದೇ ವರ್ಧಕದ ಬಾಯಿಗೇ ಕೊಟ್ಟರೆ? ಇದಕ್ಕೆ ‘ನೆಗೆಟಿವ್ ಫೀಡ್‌ಬ್ಯಾಕ್’, ಕನ್ನಡದಲ್ಲಿ ಋಣಾತ್ಮಕ ಹಿನ್ನೂಡಿಕೆ ಎನ್ನಬಹುದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಕೆಲಸ.

ಒಂದು ಚಿಕ್ಕ ಲೆಕ್ಕ ಮಾಡಿದರೆ ಇದರ ಸೊಗಸು ತಿಳಿಯುತ್ತದೆ. ಸಂಕೇತವನ್ನು 10,000 ಪಟ್ಟು ಹೆಚ್ಚಿಸುವ ವರ್ಧಕವೊಂದಿದೆ ಎನ್ನೋಣ. ಹೊರಬಂದದ್ದರ ನೂರನೆಯ ಒಂದು ಪಾಲನ್ನು ಹಿಂದಕ್ಕೆ ತಂದು ಒಳಬರುವ ಸಂಕೇತದಿಂದ ಕಳೆಯುತ್ತೇವೆ. ಒಳಗೆ 100 ಮಿಲಿವೋಲ್ಟ್ ಕೊಟ್ಟರೆ ಹೊರಗೆ 9.9 ವೋಲ್ಟ್ ಬರುತ್ತದೆ. ತಾಳೆ ನೋಡಿ: 9.9 ವೋಲ್ಟಿನ ನೂರನೆಯ ಪಾಲು 99 ಮಿಲಿವೋಲ್ಟ್. ನೂರರಲ್ಲಿ ಅದನ್ನು ಕಳೆದರೆ ಸುಮಾರು ಒಂದು ಮಿಲಿವೋಲ್ಟ್ (ಖಚಿತವಾಗಿ 0.99) ಉಳಿಯಿತು. ಅದನ್ನು 10,000 ಪಟ್ಟು ಮಾಡಿದರೆ ಮತ್ತೆ 9.9 ವೋಲ್ಟ್. ಲೆಕ್ಕ ಸರಿಹೋಯಿತು. 10,000 ಪಟ್ಟು ಹೆಚ್ಚಿಸಬಲ್ಲ ವರ್ಧಕ ಈಗ ಹೆಚ್ಚಿಸುವುದು 99 ಪಟ್ಟು ಮಾತ್ರ!

ಇಷ್ಟೊಂದು ನಷ್ಟ ಮಾಡಿಕೊಂಡು ಪಡೆದದ್ದೇನು? ಕಾಲ ಕಳೆದು ವಾಲ್ವ್ ಬಳಲಿ, ಅದರ ವರ್ಧನೆ 10,000ದಿಂದ 5,000ಕ್ಕೆ ಕುಸಿಯಿತು ಎನ್ನೋಣ. ಹಿನ್ನೂಡಿಕೆ ಇಲ್ಲದಿದ್ದರೆ ಹೊರಬರುವ ಸಂಕೇತ ಅರ್ಧಕ್ಕೆ ಇಳಿಯುತ್ತಿತ್ತು. ಹಿನ್ನೂಡಿಕೆ ಇದ್ದರೆ 9.9 ವೋಲ್ಟ್ ಇದ್ದದ್ದು 9.8 ಆಗುತ್ತದೆ, ಅಷ್ಟೆ. ಅರ್ಧಕ್ಕರ್ಧ ಕುಸಿತ ನೂರಕ್ಕೆ ಒಂದರಷ್ಟಕ್ಕೆ ನಿಂತಿತು. ವಿರೂಪಕ್ಕೂ ಇದೇ ಗತಿ. ಮೊದಲು ನೂರಕ್ಕೆ 5ರಷ್ಟಿದ್ದ ವಿರೂಪ, ಹೊರಬರುವ ಸಂಕೇತ ಅಷ್ಟೇ ಇದ್ದಾಗ, ಸುಮಾರು 0.05ಕ್ಕೆ ಇಳಿಯುತ್ತದೆ.

ಇದು ಹೇಗೆ ಸಾಧ್ಯವಾಯಿತು? ಹೊರಬಂದ ಅಲೆಯ ತುದಿ ಬಾಗಿನಿಂದಾಗಿ ಕೊಂಚ ತಗ್ಗಿದೆ ಎನ್ನಿ. ಆಗ ಹಿಂದಕ್ಕೆ ಬರುವ ಪಾಲೂ ಅಲ್ಲಿ ಕೊಂಚ ತಗ್ಗುತ್ತದೆ. ಕಳೆಯುವ ಸಂಖ್ಯೆ ಕಡಿಮೆಯಾದರೆ ಉಳಿಯುವುದು ಹೆಚ್ಚು. ಅಂದರೆ ಎಲ್ಲಿ ತಗ್ಗಿತ್ತೋ ಅಲ್ಲಿಯೇ ವರ್ಧಕದ ಬಾಯಿಗೆ ಹೆಚ್ಚು ಸಂಕೇತ ಬೀಳುತ್ತದೆ. ತಗ್ಗು ತನ್ನನ್ನು ತಾನೇ ತುಂಬಿಕೊಳ್ಳುತ್ತದೆ. ಉಬ್ಬಿದ್ದರೆ ಇದಕ್ಕೆ ತದ್ವಿರುದ್ಧ. ವರ್ಧಕ ಈಗ ಕಣ್ಣುಮುಚ್ಚಿ ಬರೆಯುವ ಮಗುವಲ್ಲ. ಬರೆದ ಪ್ರತಿ ಗೆರೆಯನ್ನೂ ಮೇಲಿನ ಸಾಲಿನೊಂದಿಗೆ ಹೋಲಿಸಿ, ಬರೆಯುತ್ತಿರುವಾಗಲೇ ತಿದ್ದಿಕೊಳ್ಳುವ ಮಗು.

ಅದೇ ವರ್ಷದ ಡಿಸೆಂಬರ್ 29ರಂದು ನಡೆದ ಪರೀಕ್ಷೆಯಲ್ಲಿ 4ರಿಂದ 45 ಕಿಲೋಹರ್ಟ್ಸ್‌ವರೆಗಿನ ಸಂಕೇತಗಳಲ್ಲಿ ವಿರೂಪದ ಶಕ್ತಿ ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಿತು. ಆರು ವರ್ಷಗಳ ಹೋರಾಟಕ್ಕೆ ಫಲ ಸಿಕ್ಕಿತು.

ಆದರೆ ಲೋಕ ನಂಬಬೇಕಲ್ಲ! ಕಷ್ಟಪಟ್ಟು ಗಳಿಸಿದ ವರ್ಧನೆಯನ್ನು ಕೈಯಾರೆ ಚೆಲ್ಲುವುದು ಎಂಥ ಜಾಣತನ ಎಂಬುದು ಅನೇಕರ ಪ್ರಶ್ನೆ. ಹೊರಬಂದದ್ದನ್ನು ಮತ್ತೆ ಒಳಗೆ ಕೊಟ್ಟರೆ ವರ್ಧಕ ಕೂಗಿಕೊಳ್ಳದೆ ಇದ್ದೀತೇ ಎಂಬುದು ಇನ್ನೊಂದು. ಬ್ರಿಟನ್ನಿನ ಪೇಟೆಂಟ್ ಕಚೇರಿ ತನ್ನ ಅರ್ಜಿಯನ್ನು ನಿರಂತರ ಚಲನಯಂತ್ರದ ಅರ್ಜಿಯಂತೆ ಕಂಡಿತೆಂದು ಬ್ಲ್ಯಾಕ್ ಮುಂದೆ ನೆನಪಿಸಿಕೊಂಡ. ಅಮೆರಿಕದಲ್ಲಿ 1928ರ ಆಗಸ್ಟ್‌ನಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟ್ ದೊರೆತದ್ದು 1937ರ ಡಿಸೆಂಬರ್ 21ರಂದು, ಒಂಬತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ದೂರವಾಣಿ ಮಾರ್ಗದಲ್ಲಿ ಈ ವರ್ಧಕಗಳ ಪರೀಕ್ಷೆ ನಡೆದು, ಉಪಾಯ ಸರಿಯೆಂದು ಸಿದ್ಧವಾಗಿತ್ತು.

ಮದ್ದೇ ವಿಷವಾದಾಗ

ಕೂಗಿಕೊಳ್ಳುವ ಭಯ ಮಾತ್ರ ಪೊಳ್ಳಲ್ಲ. ಮೈಕನ್ನು ಸ್ಪೀಕರಿನ ಎದುರು ಹಿಡಿದಾಗ ‘ಕುಂಯ್’ ಎಂದು ಕಿವಿ ಕೊರೆಯುವ ಸದ್ದು ಬರುವುದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಎಲ್ಲರೂ ಕೇಳಿರುತ್ತಾರೆ. ಹೊರಬಂದ ದನಿ ಹಿಂದಕ್ಕೆ ಬಂದು ಒಳದನಿಗೆ ಕೂಡಿಕೊಂಡದ್ದರ ಫಲ ಅದು. ಅಲ್ಲಿ ಹಿನ್ನೂಡಿಕೆ ಧನಾತ್ಮಕ. ಕಳೆಯಬೇಕಾದದ್ದು ಕೂಡಿದರೆ ಮದ್ದೇ ವಿಷ.

ಕಳೆಯುವಂತೆ ಜೋಡಿಸಿದ ಸಂಕೇತ ಕೂಡುವಂತೆ ಆಗುವುದೇಕೆ? ತಡವಾದುದರಿಂದ. ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಾಗದದ ಮೇಲೆ ಒಂದಡಿ ಉದ್ದದ ನೇರ ಗೆರೆ ಎಳೆಯಬೇಕು. ಮೊದಲು ಕಣ್ಣು ತೆರೆದುಕೊಂಡು ಆ ಗೆರೆಯ ಮೇಲೆಯೇ ಪೆನ್ಸಿಲು ಓಡಿಸಬೇಕು. ಕೈ ಅತ್ತಿತ್ತ ಹೋಗದು. ಆಮೇಲೆ ಕಣ್ಣು ಮುಚ್ಚಿ ಓಡಿಸಬೇಕು. ಪೆನ್ಸಿಲು ದಾರಿ ತಪ್ಪಿ ದೂರ ಹೋಗುತ್ತದೆ. ಕೈ ಅದೇ, ಹೋಲಿಸಿ ತಿದ್ದುವ ಕೆಲಸ ನಿಂತಿತು, ಅಷ್ಟೆ. ಮೂರನೆಯ ಸಲ ಕಣ್ಣು ಮುಚ್ಚಿದವರಿಗೆ ಪಕ್ಕದಲ್ಲಿ ಕುಳಿತ ಗೆಳೆಯ “ಎಡಕ್ಕೆ”, “ಬಲಕ್ಕೆ” ಎಂದು ಹೇಳಬೇಕು. ಆದರೆ ತಪ್ಪು ಕಂಡ ಎರಡು ಸೆಕೆಂಡಿನ ನಂತರ ಹೇಳಬೇಕು. ಆಗ ತಮಾಷೆ ನೋಡಬೇಕು. “ಎಡಕ್ಕೆ” ಎನ್ನುವಷ್ಟರಲ್ಲಿ ಪೆನ್ಸಿಲು ಆಗಲೇ ಎಡಕ್ಕೆ ಬಂದಿರುತ್ತದೆ. ಮತ್ತಷ್ಟು ಎಡಕ್ಕೆ ಹೋಗುತ್ತದೆ. ಗೆರೆ ಹಾವಿನಂತೆ ಹೊರಳತೊಡಗುತ್ತದೆ. ಗೆಳೆಯ ಹೇಳಿದ್ದು ಸುಳ್ಳಲ್ಲ. ತಡವಾಗಿ ಬಂದ ನಿಜ ಸುಳ್ಳಿನ ಕೆಲಸ ಮಾಡಿತು.

ವರ್ಧಕದೊಳಗೂ ಹೀಗೆಯೇ. ಸಂಕೇತ ಒಂದು ಹಂತದಿಂದ ಇನ್ನೊಂದಕ್ಕೆ ಹೋಗಲು ಅತ್ಯಲ್ಪ ಕಾಲ ಬೇಕು. ನಿಧಾನದ ಅಲೆಗಳಿಗೆ ಅದು ಲೆಕ್ಕಕ್ಕಿಲ್ಲ. ತೀರ ಕ್ಷಿಪ್ರವಾದ ಅಲೆಗಳಲ್ಲಿ, ತಿದ್ದುಪಡಿ ಬಂದು ಮುಟ್ಟುವ ವೇಳೆಗೆ ಅಲೆ ಅರ್ಧ ಸುತ್ತು ತಿರುಗಿಬಿಟ್ಟಿರುತ್ತದೆ. ಆಗ ಕಳೆಯುವುದು ಕೂಡುವುದಾಗುತ್ತದೆ. ಆ ಹೊತ್ತಿಗೆ ಹಿನ್ನೂಡಿಕೆಯ ಬಲವೂ ಸಾಕಷ್ಟಿದ್ದರೆ ವರ್ಧಕ ತಾನೇ ತಾನಾಗಿ ಆಂದೋಲನಕ್ಕೆ ಬೀಳುತ್ತದೆ. ಎಷ್ಟು ಹಿನ್ನೂಡಿಕೆ ಸುರಕ್ಷಿತ ಎಂಬುದನ್ನು ಗಣಿತದಿಂದ ತೋರಿಸಿಕೊಟ್ಟವರು ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹ್ಯಾರಿ ನೈಕ್ವಿಸ್ಟ್. 1932ರಲ್ಲಿ ಪ್ರಕಟವಾದ ಅವರ ನಿಯಮವನ್ನೂ, ಹೆಂಡ್ರಿಕ್ ಬೋಡೆ ಮುಂದುವರಿಸಿದ ಕೆಲಸವನ್ನೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಫೋನಿನಿಂದ ಹಾಡಿಗೆ

ಹಾಡಿನ ಲೋಕದಲ್ಲಿ ಈ ಮದ್ದಿನ ಮಹಿಮೆಯನ್ನು ಮನೆಮನೆಗೆ ಮುಟ್ಟಿಸಿದ್ದು 1947ರಲ್ಲಿ ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಬರೆದ ಲೇಖನ. 15 ವಾಟ್ ಶಕ್ತಿಯಲ್ಲಿ ವಿರೂಪ ನೂರಕ್ಕೆ 0.1ನ್ನು ಮೀರದ ವಾಲ್ವ್ ವರ್ಧಕವನ್ನು ಕೈಯಾರೆ ಕಟ್ಟಿಕೊಳ್ಳುವ ಬಗೆಯನ್ನು ಅದು ಹೇಳಿಕೊಟ್ಟಿತು. ಹವ್ಯಾಸಿಗಳು ನಾನಾ ದೇಶಗಳಲ್ಲಿ ಅದನ್ನು ಕಟ್ಟಿದರು.

ಟ್ರಾನ್ಸಿಸ್ಟರ್ ಬಂದ ಮೇಲೆ ವರ್ಧನೆ ಅಗ್ಗವಾಯಿತು. ಅಗ್ಗದ ವಸ್ತುವನ್ನು ಧಾರಾಳವಾಗಿ ಬಳಸುವುದು ಲೋಕರೂಢಿ. ಕಳಪೆ ವರ್ಧಕವನ್ನು ಕಟ್ಟಿ, ಬೇಕಾದಷ್ಟು ಹಿನ್ನೂಡಿಕೆ ಸುರಿದು, ಅಳತೆಯಲ್ಲಿ ಮಾತ್ರ ವಿರೂಪ ಸೊನ್ನೆಯ ಹತ್ತಿರ ಎಂದು ತೋರಿಸುವ ಚಾಳಿ ಕೆಲವೆಡೆ ಬೆಳೆಯಿತು. ಕೇಳುವವರಿಗೆ ಮಾತ್ರ ಅದು ಹಿತವೆನಿಸಲಿಲ್ಲ. ಫಿನ್ಲೆಂಡಿನ ಮಟ್ಟಿ ಒಟಾಲ 1970ರಲ್ಲಿ ಒಂದು ಕಾರಣವನ್ನು ಮುಂದಿಟ್ಟರು. ಅಳತೆಗೆ ಬಳಸುವುದು ನಿಧಾನಕ್ಕೆ ಏರಿಳಿಯುವ ಶುದ್ಧ ಸ್ವರ. ಸಂಗೀತದಲ್ಲಿ ಇರುವುದು ಮೃದಂಗದ ಪೆಟ್ಟಿನಂಥ ಹಠಾತ್ ಏರಿಕೆಗಳು. ವರ್ಧಕ ನಿಧಾನದ್ದಾದರೆ ಆ ಪೆಟ್ಟಿನ ಕ್ಷಣದಲ್ಲಿ ತಿದ್ದುಪಡಿ ಇನ್ನೂ ಬಂದಿರುವುದಿಲ್ಲ. ಒಳಗಿನ ಹಂತಗಳು ತಡೆಯಲಾರದಷ್ಟು ಸಂಕೇತ ನುಗ್ಗಿ ಅವು ಕಂಗೆಡುತ್ತವೆ. ಈ ಬಗ್ಗೆ ಎಂಜಿನಿಯರರ ನಡುವೆ ಬಹಳ ವಾದ ನಡೆಯಿತು. ಅದರಿಂದ ಗಟ್ಟಿಯಾದ ಪಾಠವೊಂದು ಉಳಿಯಿತು: ವರ್ಧಕ ಮೊದಲು ತನ್ನಷ್ಟಕ್ಕೆ ತಾನು ಚುರುಕಾಗಿಯೂ ನೇರವಾಗಿಯೂ ಇರಬೇಕು; ಹಿನ್ನೂಡಿಕೆ ಉಳಿದ ಕೊರತೆಯನ್ನು ತುಂಬಬೇಕು.

ಬ್ಲ್ಯಾಕ್ 1923ರಲ್ಲಿ ಕಂಡು, ಕೈಬಿಟ್ಟಿದ್ದ ಮುನ್ನೂಡಿಕೆಯೂ ವ್ಯರ್ಥವಾಗಲಿಲ್ಲ. ಅರ್ಧ ಶತಮಾನ ಕಳೆದು ವಿದ್ಯುನ್ಮಾನ ಬಿಡಿಭಾಗಗಳು ಸ್ಥಿರವಾದ ಮೇಲೆ ಅದಕ್ಕೆ ಮರುಹುಟ್ಟು ಬಂತು. ಮೊಬೈಲ್ ಗೋಪುರಗಳ ವರ್ಧಕಗಳಲ್ಲಿ ಅದನ್ನು ಬಳಸಿದರು. ಅಲ್ಲಿ ಆವೃತ್ತಿ ಎಷ್ಟು ಹೆಚ್ಚೆಂದರೆ ಹಿನ್ನೂಡಿಕೆಗೆ ಕಾಯಲು ಪುರುಸೊತ್ತಿಲ್ಲ. ಇತ್ತೀಚಿನ ಗೋಪುರಗಳಲ್ಲಿ ಇನ್ನೊಂದು ಜಾಣ್ಮೆ ಬಂದಿದೆ. ವರ್ಧಕ ಮಾಡಲಿರುವ ತಪ್ಪನ್ನು ಕಂಪ್ಯೂಟರ್ ಚಿಪ್ ಮೊದಲೇ ಲೆಕ್ಕಹಾಕಿ, ಅದಕ್ಕೆ ವಿರುದ್ಧವಾದ ತಪ್ಪನ್ನು ಸಂಕೇತದಲ್ಲಿ ಬೇಕೆಂದೇ ಬೆರೆಸಿ ಕಳಿಸುತ್ತದೆ. ಎರಡು ತಪ್ಪು ಸೇರಿ ಒಂದು ಸರಿ!

ಅಂಗಡಿಗೆ ಹೋಗುವ ಮುನ್ನ

ಇಷ್ಟಾದರೂ ಯಾವ ಹಿನ್ನೂಡಿಕೆಯೂ ವಾಸಿ ಮಾಡಲಾರದ ಕಾಯಿಲೆ ಒಂದುಂಟು: ತಲೆ ಕತ್ತರಿಸುವ ವಿರೂಪ. ತೂಬು ಪೂರ್ತಿ ತೆರೆದಾಗಿದೆ, ಕೆರೆಯಲ್ಲಿ ಇನ್ನು ನೀರಿಲ್ಲ. “ಇನ್ನಷ್ಟು ಬಿಡು” ಎಂದು ಕೂಗಿ ಫಲವೇನು? ಅಂಥ ಹೊತ್ತಿನಲ್ಲಿ ಇರುವ ಮದ್ದು ಎರಡೇ. ತಿರುಪನ್ನು ಹಿಂದಕ್ಕೆ ತಿರುಗಿಸುವುದು, ಇಲ್ಲವೇ ಇನ್ನೂ ದೊಡ್ಡ ವರ್ಧಕ ತರುವುದು. ತುದಿ ಚಪ್ಪಟೆಯಾದ ಅಲೆಯಲ್ಲಿ ಕೀಚಲು ಸ್ವರಗಳ ಪಾಲು ಹೆಚ್ಚುವುದರಿಂದ ಸ್ಪೀಕರ್ ಪೆಟ್ಟಿಗೆಯ ಪುಟ್ಟ ಟ್ವೀಟರ್ ಸುಟ್ಟುಹೋಗುವುದೂ ಉಂಟು.

ಮಕ್ಕಳಿಗೆ ಸ್ಪೀಕರ್ ಕೊಡಿಸುವ ತಂದೆತಾಯಿ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಪಿ.ಎಂ.ಪಿ.ಓ. ಎಂದು ಸಾವಿರ ವಾಟ್ ಬರೆದಿದ್ದರೆ ಅದಕ್ಕೆ ಮರುಳಾಗಬೇಕಿಲ್ಲ. ಆ ಅಳತೆಗೆ ಎಲ್ಲರೂ ಒಪ್ಪಿದ ಕಟ್ಟುನಿಟ್ಟಾದ ವಿಧಾನವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ‘ನಿರಂತರವಾಗಿ ಎಷ್ಟು ವಾಟ್? ಆ ವಾಟ್ ಬರುವಾಗ ವಿರೂಪ ನೂರಕ್ಕೆ ಎಷ್ಟು?’ ವಿರೂಪ 10ರಷ್ಟಾಗುವ ತನಕ ಹಿಂಡಿ ತೆಗೆದ ವಾಟಿಗೂ, 0.1ರೊಳಗೆ ಕೊಡುವ ವಾಟಿಗೂ ಅಜಗಜಾಂತರ. ಒಂದೇ ವರ್ಧಕಕ್ಕೆ ಎರಡು ಬೇರೆ ಬೇರೆ ಅಂಕಿಗಳನ್ನು ಬರೆಯಲು ಇಷ್ಟು ಸಂದು ಸಾಕು.

ಹೆರಾಲ್ಡ್ ಬ್ಲ್ಯಾಕ್ 1983ರಲ್ಲಿ ತೀರಿಕೊಂಡ. ಅವನ ಹಿನ್ನೂಡಿಕೆ ಇಂದು ಕಿವಿಗೆ ಸಿಕ್ಕಿಸುವ ಇಯರ್‌ಫೋನ್‌ಗೆ ದನಿ ಕೊಡುವ ಚಿಪ್ಪಿನಿಂದ ಹಿಡಿದು ಆಸ್ಪತ್ರೆಯ ಇ.ಸಿ.ಜಿ. ಯಂತ್ರದವರೆಗೆ ಎಲ್ಲೆಲ್ಲೂ ಇದೆ. ಹೆಚ್ಚಳದ ಬಹುಪಾಲನ್ನು ಬಿಟ್ಟುಕೊಟ್ಟರೆ ಶುದ್ಧತೆ ಸಿಗುತ್ತದೆ ಎಂಬ ಅವನ ವ್ಯಾಪಾರ ಒಂದು ಕಾಲದಲ್ಲಿ ಹುಚ್ಚು ಎನಿಸಿತ್ತು.

ಇನ್ನು ಕಾಪಿ ಪುಸ್ತಕದ ಮಾತು. ಹತ್ತು ಸಾಲು ಬರೆದು ಮುಗಿಸಿದ ಮೇಲೆ, ವಾರ ಕಳೆದು, ಇಡೀ ಪುಟಕ್ಕೆ ಕೆಂಪು ಶಾಯಿಯಲ್ಲಿ ಗೀಟು ಹಾಕಿದರೆ ಮಗು ಕಲಿಯುವುದು ಕಡಿಮೆ, ಕಂಗೆಡುವುದು ಹೆಚ್ಚು. ಪಕ್ಕದಲ್ಲಿ ಕುಳಿತು, ಎರಡನೆಯ ಸಾಲಿನಲ್ಲಿ ತಲೆಕಟ್ಟು ವಾಲಿದಾಗಲೇ “ಮೇಲಿನ ಸಾಲನ್ನೊಮ್ಮೆ ನೋಡು ಮಗು” ಎಂದರೆ ಸಾಕು. ಹತ್ತನೆಯ ಸಾಲು ಮೊದಲನೆಯದರ ಹಾಗೆಯೇ ದುಂಡಗೆ ಮೂಡುತ್ತದೆ.